ಚಂದ್ರನ ಮೇಲೆ ಒಂದು ಹಗಲು

ಚಂದ್ರನ ಮೇಲಿನ ಕೋರ್ಟಿನಲ್ಲಿ ನೀಲವ್ವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಗಳು ತಿಂಗಳಿಗೊಮ್ಮೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ತಾಯಿಯ ಬಳಿ ಇರಲಿ ಎಂಬ ಭೂಮಿಯ ಕೋರ್ಟಿನ ತೀರ್ಪಿಗೆ ಇಲ್ಲಿ ಮಾನ್ಯತೆ ಸಿಗಬೇಕಿತ್ತು.

"ಮಾನ್ಯ ಮಾಡೇವಿ," ಎಂದರು ನ್ಯಾಯಾಧೀಶರು.

ಮಗಳನ್ನು ಇಲ್ಲಿಗೆ ಕರೆತಂದಿದ್ದ ಗಂಡ ಗದಿಗೆಪ್ಪ ದಡಬಡಿಸಿ ಎದ್ದ. "ಸಾಹೇಬ್ರ, ಇಲ್ಲಿ ಒಂದು ಹಗಲಂದ್ರ ಎರಡು ವಾರ ಆಗ್ತದರೀ!"

"ಹೊರಗಿನ ತೀರ್ಪು ಜಾರಿ ಮಾಡೋದಷ್ಟ ನಮ್ಮ ಕೆಲಸ. ಒಂದಕ್ಷರ ತಿದ್ದಂಗಿಲ್ಲ."

ರಾತ್ರಿ ಮಾತ್ರ ಮಗಳನ್ನು ಕೊಡುವುದಿಲ್ಲವೆಂದು ಭೂಮಿಯಲ್ಲಿ ಹಟ ಹಿಡಿದು 'ಸೂರ್ಯಾಸ್ತದವರೆಗೆ' ಎಂದು ಬರೆಸಿದವನು ಗದಿಗೆಪ್ಪನೇ.

ನೀಲವ್ವನ ಬಾಡಿಗೆ ಕೋಣೆಯಲ್ಲಿ ಮಗಳು ಬಿಸಿಲಲ್ಲೇ ಆಕಳಿಸಿದಳು. "ಯವ್ವಾ, ನಿನ್ನ ಬಾಜೂಕ ಮಲಗಲೇನ?"

"ಮಲಗ ನನ್ನವ್ವ."

ಮಗಳಿಗೆ ನಿದ್ದೆ ಹತ್ತಿತು. ನೀಲವ್ವ ಮಾತ್ರ ಸೂರ್ಯ ಎಷ್ಟು ಜಾರಿದನೆಂದು ಎದ್ದೆದ್ದು ಕಿಟಕಿಗೆ ಹೋಗಿ ನೋಡುತ್ತಿದ್ದಳು.