ಕೊಟ್ಟ ಕೈ

ಡಾಕ್ಟರಮ್ಮ ದರ್ಜಿಯ ಎಡ ಮಣಿಕಟ್ಟಿನ ಎರಡು ರಕ್ತನಾಳಗಳನ್ನೂ ಒತ್ತಿ ಹಿಡಿದಾಗ ಅವನ ಅಂಗೈ ಅಸ್ತರಿನ ಬಟ್ಟೆಯಂತೆ ಬಿಳಿಚಿತು. “ಕೈಬಿಡಬೇಡಪ್ಪಾ,” ಎಂದು ಪಕ್ಕದಲ್ಲಿದ್ದ ಹೆಂಡತಿ ದೇವರನ್ನು ಬೇಡಿದಳು. ನಾಳೆ ಬೈಪಾಸ್ ಆಪರೇಷನ್ನಿನಲ್ಲಿ ಹೆಬ್ಬೆರಳ ಕಡೆಯ ನಾಳವನ್ನು ತೆಗೆದು ಅವನ ಹೃದಯಕ್ಕೆ ಜೋಡಿಸುವವರಿದ್ದರು. ಆಮೇಲೆ ಈ ಕೈ ಬದುಕೀತೇ, ಬಟ್ಟೆ ಹಿಡಿದೀತೇ ಎಂಬುದೇ ಅವಳ ದಿಗಿಲು.

ಡಾಕ್ಟರಮ್ಮ ಕಿರುಬೆರಳ ಕಡೆಯ ನಾಳವನ್ನು ಮಾತ್ರ ಬಿಟ್ಟರು. ನೋಡನೋಡುತ್ತಲೇ ಅಂಗೈಯೆಲ್ಲ ಕೆಂಪಾಯಿತು. “ಇಡೀ ಕೈಯನ್ನ ಸಾಕೋದಕ್ಕೆ ಇದೊಂದೇ ಸಾಕಮ್ಮ.”

“ಹೊಲಿಗೆ ಮಾತ್ರ ಒತ್ತಾಗಿ ಹಾಕಿ, ಡಾಕ್ಟ್ರೇ,” ಎಂದ ದರ್ಜಿ ಹೆಂಡತಿಯತ್ತ ತಿರುಗಿದ. “ನೋಡಿದ್ಯೇನೇ? ಇದು ಯಾರಿಗೂ ಕೈ ಕೊಡೋ ಕೈಯಲ್ಲ!”

“ನನಗೊಂದ್ಸಲ ಕೊಡಿ ಮತ್ತೆ,” ಎಂದವಳೇ ಡಾಕ್ಟರಮ್ಮನ ಎದುರೇ ಆ ಕೈಯನ್ನು ತನ್ನ ಎರಡೂ ಕೈಗಳಿಂದ ಬಾಚಿ ಹಿಡಿದಳು. ಬೆಚ್ಚಗಿತ್ತು.