ಮಿಲಿಟರಿ ಲಾರಿಯ ಬಾಗಿಲ ಮೇಲಿನ ತಾರೀಖು

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ... ಇವತ್ತು ಭಾನುವಾರ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಗಂಡ ಫಕೀರೇಶ ಗದಗದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದರು. ಒಂದು ದಿನ ಬೆಳಗಾವಿಯ ಹರಾಜಿನಲ್ಲಿ, ಸೇನೆಯಿಂದ ನಿವೃತ್ತಿಯಾದ ಹಳೇ ಲಾರಿಯೊಂದನ್ನು ಹಿಡಿದು ತಂದರು.

ಯಾಕೆ ತಂದರು ಅಂತ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ...

ನಾನು ಮಣ್ಣು ವಿಜ್ಞಾನದಲ್ಲಿ ಎಂಎಸ್ಸಿ ಮಾಡಿದವಳು. ಕೆಲಸ ಸಿಗಲಿಲ್ಲ. ಪದವಿ ಪತ್ರವನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟು ಸುಮ್ಮನಾಗಿದ್ದೆ.

"ಲಾರಿ ಹಿಂದ ಒಂದು ಲ್ಯಾಬ್ ಮಾಡೂಣು. ಹೊಲಕ್ಕ ಹೋಗಿ ಅಲ್ಲೇ ಮಣ್ಣು ಪರೀಕ್ಷಾ ಮಾಡು" ಎಂದರು.

ನಾನು ನಕ್ಕುಬಿಟ್ಟೆ. "ಮುದುಕಿಗೆ ಬಣ್ಣಾ ಬಳದ್ರ ಮದುಮಗಳಾಗ್ತಾಳೇನ್ರೀ?"

"ಲಾರಿಗೆ ಹೇಳಿದಿಯೋ, ನಿನಗ ಹೇಳ್ಕೊಂಡಿಯೋ?" ಎಂದು ಅವರೂ ನಕ್ಕರು.

ಆ ಮಾತು ಚುಚ್ಚಿತು. ಅವತ್ತಿನಿಂದ, ಲಾರಿಯನ್ನು ರಿಪೇರಿಗೆ ಬಿಟ್ಟಿದ್ದ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಮನೆಯಿಂದ ಹತ್ತು ನಿಮಿಷದ ದಾರಿ ಅಷ್ಟೇ...

ಪ್ರತಿ ಭಾನುವಾರ ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಒಮ್ಮೆ ಬಂದು ನೋಡ್ತಿಯೇನು?"

"ಮುಂದಿನ ವಾರ" ಎನ್ನುತ್ತಿದ್ದೆ. ಟಿವಿಯಿಂದ ಕಣ್ಣು ತೆಗೆಯದೆ.

ಒಂದು ಗುರುವಾರ, ಪಾಠ ಮಾಡುತ್ತಿದ್ದವರು ಕುರ್ಚಿ ಹಿಡಿದು ಕುಸಿದರು. ಹೃದಯ ನಿಂತಿತ್ತು. ಅವರಿಗಿನ್ನೂ ಮೂವತ್ತಾರು ವರ್ಷ.

ಎಂಟು ತಿಂಗಳು ನಾನು ಅಳಲಿಲ್ಲ. ಗಟ್ಟಿ ಹೆಣ್ಣು ಎಂದರು ಜನ. ಗಟ್ಟಿಯೇನಲ್ಲ... ಏನೂ ಅನ್ನಿಸುತ್ತಲೇ ಇರಲಿಲ್ಲ.

ಕೊನೆಗೊಂದು ಭಾನುವಾರ, ಲಾರಿಯನ್ನು ಗುಜರಿಗೆ ಹಾಕಲು ಗುಜರಿಯವನನ್ನೇ ಕರೆದುಕೊಂಡು ಗ್ಯಾರೇಜಿಗೆ ಹೋದೆ.

ಇಡೀ ಲಾರಿಯ ಹಸಿರು ಬಣ್ಣ ಕೆರೆದು ಕೆಂಪು ಪ್ರೈಮರ್ ಹೊಡೆದಿತ್ತು. ಡ್ರೈವರ್ ಕಡೆಯ ಬಾಗಿಲೊಂದು ಮಾತ್ರ ಹಸಿರಾಗಿಯೇ ಉಳಿದಿತ್ತು.

"ಪೂರಾ ಕೆರದು ಅದೊಂದು ಬಿಟ್ಟೀರಲ್ಲ ಚಾಚಾ, ದೃಷ್ಟಿಬೊಟ್ಟೇನು?" ಎಂದ ಗುಜರಿಯವನು.

ಬಣ್ಣ ಹೊಡೆಯುವ ದಾವಲಸಾಬರು ನಗಲಿಲ್ಲ. ಅರವತ್ತು ದಾಟಿದವರು, ಗಡ್ಡದ ತುದಿಗೂ ಬಣ್ಣ ಹತ್ತಿತ್ತು.

"ಅದರ ಮ್ಯಾಲೆ ಬರದೈತಿ. ನಮ್ಮ ಪದ್ಧತಿ ಐತಿ ತಂಗೆಮ್ಮ... ಗಿರಾಕಿ ತನಗ ಏನ್ ಬೇಕೋ ಅದನ್ನ ಚಾಕ್‌ಪೀಸ್‌ಲೆ ಗಾಡಿ ಮ್ಯಾಲೇ ಬರೀತಾರ. ಬರದವರೇ ಅಳಸಬೇಕು. ನಾವು ಮುಟ್ಟಂಗಿಲ್ಲ."

ಹತ್ತಿರ ಹೋದೆ. ಮೇಷ್ಟರ ದುಂಡು ಅಕ್ಷರ...

"ಬಣ್ಣ: ಮನೆಯವಳು ಬಂದು ಹೇಳುತ್ತಾಳೆ."

ಕೆಳಗೊಂದು ತಾರೀಖು. ಅವರು ತೀರಿಕೊಂಡ ಗುರುವಾರದ ನಂತರದ ಭಾನುವಾರ.

ತಾರೀಖಿನ ಜಾಗದಲ್ಲಿ ಹಳೇ ಬಣ್ಣ ಪದರು ಪದರಾಗಿ ಎದ್ದುಹೋಗಿ, ಒಳಗಿನ ತಗಡು ಕಾಣುತ್ತಿತ್ತು.

"ಇಲ್ಲಿ ಯಾಕ ಹಿಂಗ ಸವದೈತಿ ಚಾಚಾ?"

"ಐತವಾರಕ್ಕೊಮ್ಮೆ ಬರ್ತಿದ್ರು. ತಾರೀಖಷ್ಟ ಒದ್ದಿ ಬಟ್ಟಿಲೆ ತಿಕ್ಕಿ, ಮುಂದಿನ ಐತವಾರದ್ದು ಬರೀತಿದ್ರು. ಹದಿನೇಳು ಸಲ ತಂಗೆಮ್ಮ... 'ಮಾಸ್ತರ್, ನಿಮ್ಮ ಮನಿಯವರು ಬರೂದ್ರಾಗ ಬಾಗಲಾ ತೂತು ಬೀಳತೈತಿ' ಅಂತ ನಾ ಚಾಷ್ಟಿ ಮಾಡ್ತಿದ್ದೆ."

"ಅದಕ್ಕ ಅವರು?"

"'ತೂತು ಬಿದ್ರ ಬೀಳಲಿ ಬಿಡ್ರಿ, ಆಕಿ ಬರ್ತಾಳ' ಅಂತಿದ್ರು."

ಹದಿನೇಳು ಭಾನುವಾರ... ಹತ್ತು ನಿಮಿಷದ ದಾರಿ... ನಾನು ಸೋಫಾದ ಮೇಲೆ ಕುಳಿತಿದ್ದೆ.

ಲಾರಿ ಹತ್ತುವ ಪಾವಟಿಗೆಯ ಮೇಲೆ ಕುಳಿತೆ. ಎಂಟು ತಿಂಗಳ ಅಳು ಅಲ್ಲಿ ಬಂತು. ಗುಜರಿಯವನು ಲಾರಿ ಅಳೆಯಲು ತೆಗೆದಿದ್ದ ಟೇಪು ಸುತ್ತಿ ಜೇಬಿಗಿಟ್ಟುಕೊಂಡ.

ದಾವಲಸಾಬರು ಒದ್ದೆ ಬಟ್ಟೆ ಹಿಂಡಿ ಕೈಗೆ ಕೊಟ್ಟರು. "ಗುಜರಿಗೆ ಹಾಕೂದಾದ್ರೂ ಹಾಕ್ರಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಬರದವರು ಈಗ ಇಲ್ಲ, ಅಳಸೂದು ಮಾತ್ರ ನೀವ ಅಳಸಬೇಕು."

ಬಟ್ಟೆ ಹಿಡಿದು ಬಾಗಿಲಿನ ಅಕ್ಷರ ಮತ್ತೊಮ್ಮೆ ಓದಿದೆ. ಆಮೇಲೆ ಕೇಳಿದೆ... "ಶೇಡ್ ಕಾರ್ಡ್ ಐತೇನು ಚಾಚಾ?"

ಅವರು ಓಡಿಹೋಗಿ ತಂದರು.

"ಮಿಲಿಟರಿ ಹಸಿರೊಂದು ಬಿಟ್ಟು ಯಾವುದಾರ ಆರಸ್ರಿ. ಅದು ಸೇನೆಗಷ್ಟ, ನಮ್ಮ ಗಾಡಿಗೆ ಹೊಡಿಯಂಗಿಲ್ಲ." ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಬಿಳೇದು ಹೊಡೀಲೇನು?"

"ಬ್ಯಾಡ. ಕುಸುಬಿ ಹೂವಿನ ಬಣ್ಣ ಹೊಡೀರಿ."

ಎದ್ದು ಬಾಗಿಲು ಒರೆಸಿದೆ. ಎಂಟು ತಿಂಗಳು ಕಾದಿದ್ದ ಅಕ್ಷರ ಒಂದೇ ಸಲಕ್ಕೆ ಹೋಯಿತು. ಸವೆದ ಜಾಗ ಮಾತ್ರ ಹಾಗೇ ಉಳಿಯಿತು.

"ಈ ಬಾಗಲಾ ಪೂರಾ ಕೆರೀಬ್ಯಾಡ್ರಿ. ಮ್ಯಾಲೆ ಮ್ಯಾಲೆ ತಿಕ್ಕಿ ಬಣ್ಣಾ ಹೊಡೀರಿ."

"ಅಲ್ಲೇ ತಗ್ಗು ಕಾಣತೈತಿ ತಂಗೆಮ್ಮ. ಪುಟ್ಟಿ ತುಂಬಿ ಸಮಾ ಮಾಡ್ಲೇನು?"

"ತುಂಬಬ್ಯಾಡ್ರಿ. ಇರಲಿ."

ನಲವತ್ತು ವರ್ಷದಲ್ಲಿ ಕೆರೆಯದೆ ಬಣ್ಣ ಹೊಡೆದವರಲ್ಲ ಅವರು. ಅವತ್ತು ನಾನು ಹೇಳಿದಂತೆ ಮೇಲೆ ಮೇಲೆ ತಿಕ್ಕತೊಡಗಿದರು.

ಈಗ ಲಾರಿ ಹಳ್ಳಿ ಹಳ್ಳಿ ತಿರುಗುತ್ತದೆ. ರೈತರು ಚೀಲದಲ್ಲಿ ಮಣ್ಣು ಹಿಡಿದು ಬರುತ್ತಾರೆ. "ಅಕ್ಕಾರ, ನಿಮ್ಮ ಗಾಡಿ ಬಣ್ಣ ಭಾರಿ ಐತ್ರಿ!" ಎನ್ನುತ್ತಾರೆ.

ಆ ಬಣ್ಣ ಹೇಳಲು ನಾನು ಎಷ್ಟು ತಡವಾಗಿ ಹೋದೆ ಎಂದು ಅವರಿಗೆ ಹೇಳುವುದಿಲ್ಲ.

ಹತ್ತುವಾಗ ಪ್ರತಿಸಲ ಬೆರಳು ಬಾಗಿಲಿನ ಆ ತಗ್ಗಿಗೆ ಹೋಗುತ್ತದೆ. "ಬಂದೆ" ಎನ್ನುತ್ತೇನೆ... ಕೇಳಿಸಿಕೊಳ್ಳಬೇಕಾದವರು ಇಲ್ಲ.

*

ಕಾಯುವವರು ಇರುವಾಗಲೇ ಹೋಗಿ... ಆಮೇಲೆ ಹೋದರೆ ಸಿಗುವುದು ಬಾಗಿಲು ಮಾತ್ರ.

'ಮುಂದಿನ ವಾರ' ಎಂದು ನೀವು ಹೇಳಿ ಕಳಿಸಿದವರು, ಈ ಭಾನುವಾರ ಎಲ್ಲಿ ಕಾಯುತ್ತಿದ್ದಾರೆ?