ತವರಿನ ಸೀರೆ

ಕೊರಿಯಾದವರ ಮದುವೆಯ ಕೆಂಪು ಉಡುಪು, ಹಬ್ಬದ ಬಣ್ಣಬಣ್ಣದ ತೋಳಿನ ಅಂಗಿ ಎಲ್ಲ ಮೊಬೈಲಿನಲ್ಲಿ ತೋರಿಸಿದ ಮಗಳು, ಅಲ್ಲಿನ ಹಿರಿಯರು ತಮ್ಮ ಕೊನೆಯ ಉಡುಪನ್ನೂ ಬದುಕಿರುವಾಗಲೇ ಹೊಲಿಸಿಡುತ್ತಾರಂತೆ ಎಂದಾಗ, ನನ್ನ ಮೂಗಿಗೆ ಹೊಸ ಇಳಕಲ್ ಸೀರೆಯ ಗಂಜಿಯ ವಾಸನೆ ಬಡಿಯಿತು.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅಜ್ಜಿ ನನ್ನನ್ನು ಬೆಳಗಾವಿಯಿಂದ ತನ್ನ ತವರೂರು ಖಾನಾಪುರಕ್ಕೆ ಕರೆದೊಯ್ದಿದ್ದಳು. ಅಲ್ಲಿ ಅವಳವರು ಯಾರೂ ಉಳಿದಿರಲಿಲ್ಲ. ಇದ್ದೊಬ್ಬ ತಮ್ಮನೂ ಹಿಂದಿನ ವರ್ಷ ತೀರಿಕೊಂಡಿದ್ದ. ಪೇಟೆಯ ಅಂಗಡಿಯಲ್ಲಿ ಕುಳಿತು, ಹಸಿರು ಸೀರೆಯೊಂದರ ಕೆಂಪು ಸೆರಗನ್ನು ಹೆಬ್ಬೆರಳಿನಿಂದ ಮತ್ತೆ ಮತ್ತೆ ಉಜ್ಜಿ ನೋಡಿದಳು.

"ಬೆಳಗಾವ್ಯಾಗ ಇಂಥಾವು ಸಿಗೂದಿಲ್ಲೇನಜ್ಜಿ?"

"ಸಿಗತಾವ. ಆದರ ಇದು ಈ ಊರಿಂದನ ಬರಬೇಕು."

"ಯಾವಾಗ ಉಡತಿ?"

"ನಾ ಉಡೂದಿಲ್ಲವ್ವಾ. ನನಗ ಉಡಸ್ತಾರ."

ಸೀರೆ ಮಡಚುತ್ತಿದ್ದ ಅಂಗಡಿಯವರ ಕೈ ನಿಂತಿತು. ಹೆಣ್ಣು ಸತ್ತರೆ ಅವಳ ಮೈಮೇಲೆ ತವರಿನವರು ತಂದ ಸೀರೆ ಬೀಳಬೇಕು ಎಂಬುದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವರು ಸೀರೆಯ ಗಂಟನ್ನು ಮುಂದೆ ಚಾಚಿದರೆ ಅಜ್ಜಿ ಕೈ ಹಿಂದೆಳೆದುಕೊಂಡಳು.

"ನನ್ನ ಕೈಯಾಗ ಬ್ಯಾಡ್ರಿ. ಈ ಕೂಸಿನ ಕೈಯಾಗ ಕೊಡ್ರಿ."

ತಿರುಗಿ ಬರುವಾಗ ರೈಲಿನಲ್ಲಿ ಗಂಟು ನನ್ನ ತೊಡೆಯ ಮೇಲಿತ್ತು. ಅಜ್ಜಿ ಅದನ್ನು ಮುಟ್ಟಲೇ ಇಲ್ಲ.

"ಆವತ್ತ ಮಂದಿ ಕೇಳತಾರ, ಸೀರಿ ಎಲ್ಲಿಂದ ಬಂತು ಅಂತ. ಏನಂತಿ?"

"ಅಂಗಡ್ಯಾಗಿಂದ."

"ಅಲ್ಲ. ತವರಿಂದ ಬಂದೈತಿ ಅನ್ನು."

"ತವರಿಂದ ಬಂದೈತಿ."

ಅಜ್ಜಿ ಕಣ್ಣು ಮುಚ್ಚಿಕೊಂಡಳು.

"ಇನ್ನೊಮ್ಮಿ ಅನ್ನು," ಎಂದಳು.